ಕನ್ನಡದ ಮೂಲಕ ಇಟಾಲಿಯನ್

ಹಾಸನ ಜಿಲ್ಲೆಯ ಮಲೆನಾಡಿನ ಅಂಚಿನಲ್ಲಿ ಕಾಫಿಯ ತೋಟಗಳಿವೆ. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿಯೂ ಒಂದು. ನಮ್ಮ ಬೆಳೆ ಅಲ್ಲಿಗೆ ಹೋಗುತ್ತದೆ. ಅಲ್ಲಿನ ನುಡಿ ಮಾತ್ರ ನಮಗೆ ದಕ್ಕದು, ಅದನ್ನು ಕಲಿಯಲು ಮೊದಲು ಇಂಗ್ಲಿಷಿನಲ್ಲಿ ಪಂಡಿತನಾಗಬೇಕು ಎಂದು ಸಾಲಗಾಮೆಯಂತಹ ಊರಿನ ವಿದ್ಯಾರ್ಥಿಯು ಹಿಂಜರಿಯುವುದುಂಟು. ಈ ಅಂಜಿಕೆಗೆ ಆಧಾರವಿಲ್ಲ. ಕನ್ನಡ ವ್ಯಾಕರಣವನ್ನು ಶ್ರದ್ಧೆಯಿಂದ ಓದಿದವನ ಕೈಯಲ್ಲಿ ಇಟಾಲಿಯನ್ನಿನ ಹಲವು ಬೀಗಗಳ ಕೀಲಿಕೈ ಆಗಲೇ ಇದೆ.

ಇದೇ ಹಾದಿಯನ್ನು ಆ ಕಡೆಯಿಂದ ನಡೆದು ಬಂದವರಿದ್ದಾರೆ. 1878ರ ಕೊನೆಯಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದರು. ಅವರ ಬಳಗದ ಆಂಜೆಲೊ ಮಾಫೆಯಿ ಎಂಬುವರು ಕೊಂಕಣಿಯನ್ನು ಕಲಿತು 1882ರಲ್ಲಿ ಅದರ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಪ್ರಕಟಿಸಿದರು.

ಮೊದಲು ಧ್ವನಿಯನ್ನು ಗಮನಿಸೋಣ. ಹಳಗನ್ನಡದ ಕಣ್, ಕಾಲ್, ಪಾಲ್ ಎಂಬ ವ್ಯಂಜನಾಂತ ಪದಗಳು ಹೊಸಗನ್ನಡದಲ್ಲಿ ಕಣ್ಣು, ಕಾಲು, ಹಾಲು ಎಂದು ಸ್ವರಾಂತಗಳಾದವಷ್ಟೆ. ಲ್ಯಾಟಿನ್ನಿನಿಂದ ಇಟಾಲಿಯನ್ ರೂಪುಗೊಂಡಾಗಲೂ ಇಂಥದೇ ನಡೆಯಿತು. ಏಳು ಎಂಬರ್ಥದ ‘ಸೆಪ್ತೆಮ್’ ಕೊನೆಯ ವ್ಯಂಜನವನ್ನು ಕಳೆದುಕೊಂಡು ‘ಸೆತ್ತೆ’ ಆಯಿತು. ಎಂಟು ಎಂಬರ್ಥದ ‘ಒಕ್ತೊ’ ಎಂಬುದು ‘ಒತ್ತೊ’ ಆಯಿತು. ‘ಮುಕ್ತಾ’ ಎಂಬುದು ‘ಮುತ್ತು’ ಆದ ತದ್ಭವವನ್ನು ಬಲ್ಲವರಿಗೆ ಇದು ಹೊಸತೇ? ದ್ವಿತ್ವದ ವಿಷಯದಲ್ಲಂತೂ ಎಚ್ಚರ ಬೇಕು. ನಮ್ಮಲ್ಲಿ ‘ಕತೆ’ ಬೇರೆ, ‘ಕತ್ತೆ’ ಬೇರೆ. ಅಲ್ಲಿ ‘ನೋನೊ’ ಎಂದರೆ ಒಂಬತ್ತನೆಯದು, ‘ನೊನ್ನೊ’ ಎಂದರೆ ಅಜ್ಜ. ಒಂಬತ್ತನೆಯ ತರಗತಿಯವರು ಒತ್ತನ್ನು ತಪ್ಪಿ ಹಾಕಿದರೆ ಅಜ್ಜಂದಿರಾದಾರು!

ಇನ್ನು ಕ್ರಿಯಾಪದ. ‘ಮಾತನಾಡುತ್ತೇನೆ’ ಎಂದರೆ ಸಾಕು, ಕರ್ತೃಪದವನ್ನು ಹೇಳದಿದ್ದರೂ ಅದು ಉತ್ತಮಪುರುಷವೆಂದು ಆಖ್ಯಾತಪ್ರತ್ಯಯವೇ ತಿಳಿಸುತ್ತದೆ. ಇಟಾಲಿಯನ್ನಿನಲ್ಲಿಯೂ ‘ಪಾರ್ಲೊ’ ಎಂದರೆ ಮಾತನಾಡುತ್ತೇನೆ, ‘ಪಾರ್ಲಿ’ ಎಂದರೆ ಮಾತನಾಡುತ್ತೀಯೆ, ‘ಪಾರ್ಲ’ ಎಂದರೆ ಮಾತನಾಡುತ್ತಾನೆ ಅಥವಾ ಮಾತನಾಡುತ್ತಾಳೆ. ಇಂಗ್ಲಿಷಿನ ‘ಸ್ಪೀಕ್’ ಎಂಬುದು ‘ಐ’, ‘ಯು’, ‘ದೇ’ ಎಂಬ ಊರುಗೋಲುಗಳಿಲ್ಲದೆ ನಿಲ್ಲಲಾರದು.

ನನ್ನ ದೃಷ್ಟಿಯಲ್ಲಿ ಅತ್ಯಂತ ಸ್ವಾರಸ್ಯದ ಹೋಲಿಕೆ ಚತುರ್ಥೀ ವಿಭಕ್ತಿಯದು. ‘ಮಿ ಪ್ಯಾಚೆ ಇಲ್ ಕಫ್ಫೆ’ ಎಂದರೆ ‘ನನಗೆ ಕಾಫಿ ಹಿಡಿಸುತ್ತದೆ’. ‘ಮಿ’ ಎಂಬುದು ‘ನನಗೆ’. ವಾಕ್ಯದ ಕರ್ತೃ ನಾನಲ್ಲ, ಕಾಫಿ. ಪುಸ್ತಕಗಳು ಹಿಡಿಸಿದರೆ ಕ್ರಿಯಾಪದವು ‘ಪ್ಯಾಚ್ಚೊನೊ’ ಎಂದು ಬಹುವಚನಕ್ಕೆ ತಿರುಗುತ್ತದೆ, ನಮ್ಮ ‘ಹಿಡಿಸುತ್ತವೆ’ ಎಂಬಂತೆಯೇ. ಇಂಗ್ಲಿಷಿನ ‘ಐ ಲೈಕ್’ ಎಂಬುದನ್ನು ನೆಚ್ಚಿ ಬಂದವರು ಇಲ್ಲಿ ತಡವರಿಸುತ್ತಾರೆ. ಆದರೆ ಹೋಲಿಕೆಯನ್ನು ಎಳೆದಾಡಬಾರದು. ‘ನನಗೆ ಹಸಿವು’ ಎನ್ನಲು ಅವರು ‘ಒ ಫಾಮೆ’, ಅಂದರೆ ನಾನು ಹಸಿವನ್ನು ಹೊಂದಿದ್ದೇನೆ ಎನ್ನುತ್ತಾರೆ. ‘ಇಲ್’ ಎಂಬಂತಹ ಪದ ನಮ್ಮಲ್ಲಿಲ್ಲ. ಅದು ಇಂಗ್ಲಿಷಿನ ‘ದಿ’ಗೆ ಸಮಾನವಾದುದು.

ನಿಜವಾದ ತೊಡಕು ಲಿಂಗದಲ್ಲಿದೆ. ಕನ್ನಡದಲ್ಲಿ ಅರ್ಥವನ್ನು ಅನುಸರಿಸಿ ಲಿಂಗ; ಮನೆಯೂ ಪುಸ್ತಕವೂ ನಪುಂಸಕ. ಇಟಾಲಿಯನ್ನಿನಲ್ಲಿ ನಪುಂಸಕಲಿಂಗವಿಲ್ಲ. ‘ಲೀಬ್ರೊ’ (ಪುಸ್ತಕ) ಪುಲ್ಲಿಂಗ, ‘ಕಾಸ’ (ಮನೆ) ಸ್ತ್ರೀಲಿಂಗ. ವಿಶೇಷಣವೂ ಅದಕ್ಕೆ ಹೊಂದಬೇಕು: ಹೊಸ ಪುಸ್ತಕ ‘ಲೀಬ್ರೊ ನ್ವೋವೊ’, ಹೊಸ ಮನೆ ‘ಕಾಸ ನ್ವೋವ’. ಹಿಂದಿಯನ್ನು ಕಲಿತವರಿಗೆ ಈ ಕಟ್ಟಳೆ ಪರಿಚಿತವಾದರೂ ಅಲ್ಲಿ ‘ಕಿತಾಬ್’ ಸ್ತ್ರೀಲಿಂಗ, ‘ಘರ್’ ಪುಲ್ಲಿಂಗ. ಹೀಗೆ ಎಲ್ಲವೂ ತಿರುವುಮುರುವು! ಪ್ರತಿ ನಾಮಪದವನ್ನೂ ಲಿಂಗದೊಡನೆ ಬಾಯಿಪಾಠ ಮಾಡುವುದೇ ಉಪಾಯ.

ಹಿರಿಯರನ್ನು ‘ನೀನು’ ಎನ್ನಬಾರದೆಂಬ ಮರ್ಯಾದೆ ಅಲ್ಲಿಯೂ ಉಂಟು. ಗೆಳೆಯನಿಗೆ ‘ತು’, ಅಪರಿಚಿತರಿಗೆ, ಗುರುಗಳಿಗೆ ‘ಲೇಯ್’. ವಿಚಿತ್ರವೆಂದರೆ ‘ಲೇಯ್’ ಎಂಬುದರ ಮೂಲಾರ್ಥ ‘ಅವಳು’. ಗಡ್ಡಮೀಸೆಯ ಮೇಷ್ಟರಿಗೂ ಅದೇ ಸಲ್ಲುತ್ತದೆ. ನಮ್ಮ ಹುಡುಗರು ಗೆಳೆಯರನ್ನು ಕೂಗುವ ‘ಲೇ’ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.