ಹುಡುಗರ ಆಟ, ಹಿರಿಯರ ಲೆಕ್ಕ

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಎರಡು ವಾರ ಇರುವ ಯೋಗ ನನಗೆ ಒದಗಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿ ನೆಲೆಸಿದ್ದಾನೆ. ಹೊಲಗಳ ಮೇಲೆ ಹಿಮ ಬಿದ್ದಿದ್ದಿತು. ಸಂಜೆ ಐದೂವರೆಗೆಲ್ಲ ಕತ್ತಲೆ ಕವಿಯುತ್ತಿದ್ದಿತು. ಒಂದು ಶುಕ್ರವಾರ ಅವನು, "ಬನ್ನಿ ಸಾರ್, ಈ ಸೀಮೆಯ ಜಾತ್ರೆ ತೋರಿಸುತ್ತೇನೆ" ಎಂದು ಕಾರಿನಲ್ಲಿ ಕೂರಿಸಿಕೊಂಡು ಹೊರಟನು. ಹೋಗಿ ನಿಂತದ್ದು ಒಂದು ಪ್ರೌಢಶಾಲೆಯ ಮುಂದೆ. ಒಳಗೆ ಬಾಸ್ಕೆಟ್‌ಬಾಲ್ ಪಂದ್ಯ. ಕಂಕುಳ ಕೂಸಿನಿಂದ ಊರುಗೋಲಿನ ಮುದುಕರವರೆಗೆ ಊರಿಗೆ ಊರೇ ಅಲ್ಲಿ ನೆರೆದಿದ್ದಿತು. ವಾದ್ಯವಿದ್ದಿತು, ಜೋಳದ ಅರಳಿನ ಘಮವಿದ್ದಿತು. ತೇರೊಂದು ಮಾತ್ರ ಇರಲಿಲ್ಲ.

ನನ್ನ ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಕುಳಿತಿದ್ದರು. ತೊಡೆಯ ಮೇಲೆ ಒಂದು ಚಿಕ್ಕ ನೋಟು ಪುಸ್ತಕ, ಕೈಯಲ್ಲಿ ಸೀಸದ ಕಡ್ಡಿ. ಅವರ ಕಣ್ಣು ಹನ್ನೆರಡನೆಯ ಸಂಖ್ಯೆಯ ಅಂಗಿ ತೊಟ್ಟ ಹುಡುಗನನ್ನು ಬಿಟ್ಟು ಕದಲುತ್ತಿರಲಿಲ್ಲ. "ನಿಮ್ಮ ಮೊಮ್ಮಗನೆ?" ಎಂದು ಕೇಳಿದೆನು. ಅಲ್ಲವಂತೆ. ಆ ಶಾಲೆಯಲ್ಲಿ ಅವರ ಬಂಧುಗಳಾರೂ ಓದುತ್ತಿರಲಿಲ್ಲ. ಅವರ ಊರು ಅಲ್ಲಿಗೆ ಒಂದು ಗಂಟೆಯ ದಾರಿ. ಆ ಹುಡುಗ ಹನ್ನೊಂದನೆಯ ತರಗತಿಯವನೆಂದೂ, ಅವನ ತಾಯಿ ಐದು ಅಡಿ ಹನ್ನೊಂದು ಅಂಗುಲ ಎತ್ತರವಿರುವುದರಿಂದ ಇವನು ಇನ್ನೂ ಬೆಳೆಯಬಹುದೆಂದೂ, ಮೂರು ಕಾಲೇಜುಗಳು ಅವನ ಮೇಲೆ ಕಣ್ಣಿಟ್ಟಿವೆಯೆಂದೂ, ಎಡಗೈ ಮಾತ್ರ ಸಾಲದೆಂದೂ ಅವರು ವಿವರಿಸಿದರು. ಹೆಣ್ಣು ನೋಡಲು ಹೋದವರು ಕೂಡ ನಮ್ಮಲ್ಲಿ ಇಷ್ಟು ವಿಚಾರಿಸುವುದಿಲ್ಲವೆಂದು ನನಗೆ ಒಳಗೊಳಗೇ ನಗು ಬಂದಿತು. ಆದರೆ ಅಲ್ಲಿಂದ ಮುಂದಕ್ಕೆ ನಾನೂ ಆಟವನ್ನು ಬಿಟ್ಟು ಹನ್ನೆರಡನೆಯವನನ್ನೇ ನೋಡತೊಡಗಿದೆನು.

ಈ ವ್ಯಸನದ ಬೇರು ತಿಳಿಯಬೇಕಾದರೆ ಅಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ಅರಿಯಬೇಕು. 1891ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಉಪಾಧ್ಯಾಯನು, ಚಳಿಗಾಲದಲ್ಲಿ ಹೊರಗೆ ಆಡಲಾಗದ ಹುಡುಗರನ್ನು ಹಿಡಿದಿಡುವುದಕ್ಕಾಗಿ, ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಮೇಲಂತಸ್ತಿನ ಕಟಾಂಜನಕ್ಕೆ ಹೊಡೆಸಿ ಈ ಆಟವನ್ನು ಕಟ್ಟಿದನು. ಮೇಷ್ಟರೊಬ್ಬರ ತಲೆನೋವಿನಿಂದ ಹುಟ್ಟಿದ ಆಟವೆಂದು ನಾವು ಹೆಮ್ಮೆಪಡಬಹುದು. ನಮ್ಮ ಪ್ರೌಢಶಾಲೆ ಮತ್ತು ಪಿ.ಯು.ಸಿ. ಎರಡೂ ಸೇರಿದರೆ ಎಷ್ಟೋ ಹೆಚ್ಚುಕಡಿಮೆ ಅಷ್ಟು ಅಲ್ಲಿನ ಹೈಸ್ಕೂಲು: ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ. ಅದರ ಮುಂದಿನ ಕಾಲೇಜು ಓದು ಬಹಳ ದುಬಾರಿ. ಆದರೆ ಚೆಂಡನ್ನು ಬುಟ್ಟಿಗೆ ಹಾಕಬಲ್ಲ ಹುಡುಗನಿಗೆ ದೊಡ್ಡ ಕಾಲೇಜುಗಳು ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲವನ್ನೂ ಕೊಟ್ಟು ಕರೆದುಕೊಳ್ಳುತ್ತವೆ. ಹೀಗಾಗಿ ಹದಿನಾರು ವರ್ಷದ ಹುಡುಗನ ಜಿಗಿತದ ಮೇಲೆ ಅವನ ಮನೆಯವರೆಲ್ಲರ ಕನಸು ಕುಳಿತುಕೊಳ್ಳುತ್ತದೆ. ಅವನನ್ನು ಎಲ್ಲರಿಗಿಂತ ಮೊದಲು ಗುರುತಿಸಬೇಕೆಂಬ ಚಪಲ ಊರಿನವರದು, ಪತ್ರಿಕೆಯವರದು, ದೂರದ ಅಭಿಮಾನಿಗಳದು.

ಹಿಂದೆ ಹೀಗಿರಲಿಲ್ಲ ಎನ್ನುವವರಿದ್ದಾರೆ. ಇಂಡಿಯಾನಾದಲ್ಲಿ ಯಾರನ್ನು ಕೇಳಿದರೂ 1954ರ ಮೈಲನ್ ಕಥೆಯನ್ನು ಹೇಳುತ್ತಾರೆ. ಆಗ ರಾಜ್ಯದ ಏಳುನೂರಕ್ಕೂ ಮಿಕ್ಕ ಶಾಲೆಗಳು, ಚಿಕ್ಕದು ದೊಡ್ಡದೆಂಬ ಭೇದವಿಲ್ಲದೆ, ಒಂದೇ ಪಂದ್ಯಾವಳಿಯಲ್ಲಿ ಸೆಣಸುತ್ತಿದ್ದುವು. ಮೈಲನ್ ಶಾಲೆಯಲ್ಲಿದ್ದ ವಿದ್ಯಾರ್ಥಿಗಳು 161 ಮಂದಿ, ಹುಡುಗಿಯರೂ ಸೇರಿ. ಅಂತಿಮ ಪಂದ್ಯದಲ್ಲಿ ಎದುರಾದದ್ದು ಮನ್ಸಿ ಸೆಂಟ್ರಲ್ ಎಂಬ ದೊಡ್ಡ ಪಟ್ಟಣದ ದೊಡ್ಡ ಶಾಲೆ. ಕೊನೆಯ ಭಾಗದಲ್ಲಿ, ತಮ್ಮ ತಂಡ ಹಿಂದಿದ್ದರೂ, ಬಾಬಿ ಪ್ಲಂಪ್ ಎಂಬ ಹುಡುಗನು ಚೆಂಡನ್ನು ಹಿಡಿದು ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಸುಮ್ಮನೆ ನಿಂತುಬಿಟ್ಟನು. ಇಷ್ಟು ಹೊತ್ತಿನೊಳಗೆ ಎಸೆಯಲೇಬೇಕೆಂಬ ನಿಯಮ ಆಗ ಇರಲಿಲ್ಲ. ಸಾವಿರಾರು ಜನ ಉಸಿರು ಬಿಗಿಹಿಡಿದು ಕುಳಿತಿದ್ದರು. ಮೂವತ್ತು ಮೂವತ್ತು ಸಮವಾದ ಮೇಲೆ ಕೊನೆಯ ಕ್ಷಣದಲ್ಲಿ ಅದೇ ಹುಡುಗನು ಎಸೆದ ಚೆಂಡು ಬುಟ್ಟಿಗೆ ಬಿದ್ದು ಮೈಲನ್ 32–30ರಿಂದ ಗೆದ್ದಿತು. ಮುಂದೆ 1986ರಲ್ಲಿ ಈ ಕಥೆಯಿಂದಲೇ 'ಹೂಸಿಯರ್ಸ್' ಎಂಬ ಚಲನಚಿತ್ರ ಮೈದಳೆಯಿತು. ಆ ಏಕೈಕ ಪಂದ್ಯಾವಳಿ 1997ರಲ್ಲಿ ಕೊನೆಗೊಂಡು ಶಾಲೆಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿದಾಗ ಕಣ್ಣೀರು ಹಾಕಿದವರುಂಟು.

ಆದರೆ ಈ ಸುವರ್ಣಯುಗದ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಮರುವರ್ಷವೇ, 1955ರಲ್ಲಿ, ಇಂಡಿಯಾನಾಪೊಲಿಸ್ ನಗರದ ಕ್ರಿಸ್ಪಸ್ ಆಟಕ್ಸ್ ಎಂಬ ಶಾಲೆ ಗೆದ್ದಿತು. 1927ರಲ್ಲಿ ಕಪ್ಪು ಜನರ ಮಕ್ಕಳನ್ನು ಬೇರೆಯಾಗಿಡುವುದಕ್ಕೆಂದೇ ತೆರೆದ ಶಾಲೆ ಅದು. 1942ರವರೆಗೆ ಅದನ್ನು ಈ ಪಂದ್ಯಾವಳಿಯ ಹೊಸ್ತಿಲನ್ನೇ ತುಳಿಯಗೊಟ್ಟಿರಲಿಲ್ಲ. ಅಂತಹ ಶಾಲೆಯೊಂದು ಎಲ್ಲರಿಗೂ ತೆರೆದ ರಾಜ್ಯ ಪಂದ್ಯಾವಳಿಯನ್ನು ಗೆದ್ದದ್ದು ಅಮೆರಿಕದಲ್ಲಿಯೇ ಅದು ಮೊದಲು. ಗೆದ್ದವರನ್ನು ನಗರದ ನಡುವಣ ಸ್ಮಾರಕ ವೃತ್ತದಲ್ಲಿ ಮೆರೆಸುವುದು ವಾಡಿಕೆ. ಈ ಹುಡುಗರನ್ನಾದರೋ ವೃತ್ತಕ್ಕೆ ಒಂದು ಸುತ್ತು ಹಾಕಿಸಿ, ಅಲ್ಲಿ ನಿಲ್ಲಗೊಡದೆ, ಅವರ ಕೇರಿಯ ಉದ್ಯಾನಕ್ಕೆ ಕಳುಹಿಸಿಬಿಟ್ಟರು. ಆ ತಂಡದ ಮುಂದಾಳು ಆಸ್ಕರ್ ರಾಬರ್ಟ್‌ಸನ್, ಮುಂದೆ ಜಗತ್ಪ್ರಸಿದ್ಧನಾದವನು, ಆ ರಾತ್ರಿ ಸಂಭ್ರಮದ ನಡುವಿನಿಂದ ಎದ್ದು ತಂದೆಯ ಮನೆಗೆ ಹೋಗಿ ಮಲಗಿದನಂತೆ. ದ್ರೋಣರ ಶಿಷ್ಯರ ಅಸ್ತ್ರಪರೀಕ್ಷೆಯ ರಂಗದಲ್ಲಿ ಬಿಲ್ಲೆತ್ತಿ ನಿಂತ ಕರ್ಣನಿಗೆ ಕೃಪಾಚಾರ್ಯನು ಕುಲವನ್ನು ಕೇಳಿದ ಪ್ರಸಂಗವನ್ನು ಪ್ರತಿವರ್ಷವೂ ಪಾಠ ಹೇಳುವ ನನಗೆ, ಈ ಸಂಗತಿ ದೂರದ ದೇಶದ್ದೆಂದು ತೋರಲಿಲ್ಲ.

ರಾಬರ್ಟ್‌ಸನ್ನನು ಶಾಲೆ ಮುಗಿಸಿದ್ದು 1956ರಲ್ಲಿ. ಆ ವರ್ಷ ಅವನ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ತನ್ನ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿಯೇ ಆಡುವ ಆಸೆಯಿಂದ ಅಲ್ಲಿಗೆ ಹೋದಾಗ ಅಲ್ಲಿನ ತರಬೇತುದಾರನು, ನೀನು ಓದಲು ಬರುವುದಕ್ಕೆ ಹಣ ಕೇಳುವ ಜಾತಿಯ ಹುಡುಗನಲ್ಲ ತಾನೆ ಎಂಬರ್ಥದ ಮಾತಾಡಿದನೆಂದೂ, ತಾನು ಆ ಕ್ಷಣವೇ ಎದ್ದು ಹೊರಬಂದೆನೆಂದೂ ಅವನು ಮುಂದೆ ಹೇಳಿಕೊಂಡಿದ್ದಾನೆ. ಅವನು ಸೇರಿದ್ದು ನೆರೆರಾಜ್ಯದ ಸಿನ್ಸಿನಾಟಿ ವಿಶ್ವವಿದ್ಯಾನಿಲಯವನ್ನು. ಈ ಹಣದ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹುಡುಗರನ್ನು ಅಳೆದು ಪಟ್ಟಿಮಾಡುವ ಕೆಲಸ ಒಂದು ಕಸುಬಾಗಿ ಬೆಳೆದದ್ದು ಅರುವತ್ತರ ದಶಕದಿಂದ ಈಚೆಗೆ. ನ್ಯೂಯಾರ್ಕಿನ ಹವರ್ಡ್ ಗಾರ್ಫಿಂಕಲ್ ಎಂಬಾತನು ಶಾಲೆಯಿಂದ ಶಾಲೆಗೆ ಅಲೆದು, ಆಟಗಾರರ ಗುಣದೋಷಗಳನ್ನು ಬರೆದು ಅಚ್ಚುಹಾಕಿಸಿ, ಕಾಲೇಜಿನ ತರಬೇತುದಾರರಿಗೆ ಮಾರುತ್ತಿದ್ದನು. 1966ರಲ್ಲಿ ಆತನು ಆರಂಭಿಸಿದ ಬೇಸಿಗೆ ಶಿಬಿರದ ಹೆಸರು 'ಫೈವ್ ಸ್ಟಾರ್'. ಹೋಟೆಲುಗಳಿಗೆ ನಕ್ಷತ್ರ ಕೊಡುವಂತೆ ಹುಡುಗರಿಗೂ ನಕ್ಷತ್ರ ಕೊಡುವ ಪದ್ಧತಿ ಇಂದು ಬೇರೂರಿದೆ. ಈ ಪಟ್ಟಿಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಹತ್ತನೆಯ ತರಗತಿಯಲ್ಲಿ ತನ್ನ ಶಾಲೆಯ ಮುಖ್ಯ ತಂಡಕ್ಕೆ ಆಯ್ಕೆಯಾಗದೆ ಅತ್ತಿದ್ದ ಮೈಕೆಲ್ ಜೋರ್ಡನ್ ಎಂಬ ಹುಡುಗ 1980ರ ಬೇಸಿಗೆಯಲ್ಲಿ ಇದೇ ಶಿಬಿರಕ್ಕೆ ಬಂದು ಆಡಿದ ಮೇಲೆಯೇ ದೇಶದ ಕಣ್ಣು ಅವನ ಮೇಲೆ ಬಿದ್ದದ್ದು. ಶಾಲೆಯವರು ಕಾಣದಿದ್ದುದನ್ನು ಪರರು ಕಂಡರು.

ಆದರೆ ಕಾಣುವ ಕಣ್ಣು ಕಾಣಿಸಿಕೊಂಡವನನ್ನು ಸುಮ್ಮನೆ ಬಿಡುವುದಿಲ್ಲ. 2001ರಲ್ಲಿ ಪಟ್ಟಿಯ ತುದಿಯಲ್ಲಿದ್ದವನು ಬ್ರೂಕ್ಲಿನ್ನಿನ ಲೆನ್ನಿ ಕುಕ್. ಆ ಜುಲೈನಲ್ಲಿ ನ್ಯೂಜೆರ್ಸಿಯ ಒಂದು ಶಿಬಿರದಲ್ಲಿ, ತನಗಿಂತ ಕಿರಿಯನಾದ ಲೆಬ್ರಾನ್ ಜೇಮ್ಸ್ ಎಂಬ ಹುಡುಗನೆದುರು ಆಡಿದನು. ಕಿರಿಯನು ಕಟ್ಟಕಡೆಯ ಕ್ಷಣದಲ್ಲಿ ದೂರದಿಂದ ಎಸೆದ ಚೆಂಡು ಪಂದ್ಯವನ್ನು ಗೆದ್ದುಕೊಂಡಿತು. ಜೇಮ್ಸನ ಮುಂದಿನ ಕಥೆ ಲೋಕಕ್ಕೆ ಗೊತ್ತು. ಕುಕ್ 2002ರಲ್ಲಿ ಕಾಲೇಜಿನ ಆಸೆಯನ್ನು ಬಿಟ್ಟು ನೇರವಾಗಿ ವೃತ್ತಿ ತಂಡಗಳ ಆಯ್ಕೆಗೆ ಹೆಸರು ಕೊಟ್ಟನು. ಎರಡು ಸುತ್ತುಗಳು ಮುಗಿದರೂ ಅವನ ಹೆಸರನ್ನು ಯಾರೂ ಕೂಗಲಿಲ್ಲ. ಎನ್.ಬಿ.ಎ.ಯಲ್ಲಿ ಒಂದೇ ಒಂದು ಪಂದ್ಯವನ್ನೂ ಅವನು ಆಡಲಿಲ್ಲ. ಹೈಸ್ಕೂಲಿನಿಂದ ನೇರವಾಗಿ ಅಲ್ಲಿಗೆ ಹಾರುವ ದಾರಿಯನ್ನು 2005ರ ಒಪ್ಪಂದ ಮುಚ್ಚಿತು. ಆಟಗಾರನಿಗೆ ಹತ್ತೊಂಬತ್ತು ತುಂಬಿರಬೇಕೆಂದಾಯಿತು.

ಇದಕ್ಕಿಂತ ನನ್ನ ಮನಸ್ಸನ್ನು ಕಲಕಿದ್ದು 1994ರಲ್ಲಿ ತೆರೆಕಂಡ 'ಹೂಪ್ ಡ್ರೀಮ್ಸ್' ಎಂಬ ಸಾಕ್ಷ್ಯಚಿತ್ರ. ಷಿಕಾಗೋ ನಗರದ ಬಡ ಕೇರಿಗಳಿಂದ ಆರ್ಥರ್ ಏಜಿ ಮತ್ತು ವಿಲಿಯಂ ಗೇಟ್ಸ್ ಎಂಬಿಬ್ಬರು ಹುಡುಗರನ್ನು ಹೊರವಲಯದ ಒಂದು ಖಾಸಗಿ ಶಾಲೆ ಆಟಕ್ಕಾಗಿ ಸೇರಿಸಿಕೊಳ್ಳುತ್ತದೆ. ಚಿತ್ರ ತೆಗೆದವರು ಅವರನ್ನು ಐದು ವರ್ಷ ಹಿಂಬಾಲಿಸಿದರು. ನಿರೀಕ್ಷಿಸಿದಷ್ಟು ಬೇಗ ಬೆಳೆಯದ ಏಜಿ, ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟು ಸರಕಾರಿ ಶಾಲೆಗೆ ಮರಳುತ್ತಾನೆ. ತರಗತಿಯಲ್ಲಿ ಕಲಿತದ್ದರ ದಾಖಲೆಯನ್ನು ಪಡೆಯುವುದಕ್ಕೂ ಅವನ ತಂದೆತಾಯಿ ಹಳೆಯ ಬಾಕಿಯ ಏರ್ಪಾಡು ಮಾಡಬೇಕಾಗುತ್ತದೆ. ಗೇಟ್ಸನಿಗೆ ಎಲ್ಲ ಅನುಕೂಲವೂ ದೊರೆಯುತ್ತದೆ. ಆದರೆ ಮೊಣಕಾಲು ಕೈಕೊಡುತ್ತದೆ. ಅವನಿಗೆ ಮಾರ್ಕೆಟ್ ವಿಶ್ವವಿದ್ಯಾನಿಲಯ ದೊರೆತರೂ ಆಟದ ಮೇಲಿನ ಮೊದಲಿನ ಪ್ರೀತಿ ಉಳಿದಿರಲಿಲ್ಲ. ಇಬ್ಬರೂ ಎನ್.ಬಿ.ಎ. ಮುಟ್ಟಲಿಲ್ಲ.

ಏಜಿಯ ಪ್ರಸಂಗವನ್ನು ನೋಡುವಾಗ ನಾನು ತಲೆ ತಗ್ಗಿಸಬೇಕಾಯಿತು. ನಾನು ಅಧ್ಯಾಪಕನಾದ ಹೊಸತರಲ್ಲಿ ಒಬ್ಬ ಹುಡುಗನಿದ್ದನು. ಅವನ ಒಂದೆರಡು ಪ್ರಬಂಧಗಳನ್ನು ಓದಿ ಹಿಗ್ಗಿ, ಇವನು ಎಂ.ಎ.ಯಲ್ಲಿ ಮೊದಲನೆಯ ರ‍್ಯಾಂಕು ತೆಗೆಯುವವನೆಂದು ಕಂಡಕಂಡವರಿಗೆಲ್ಲ ಸಾರಿದೆನು. ಊರಿನಿಂದ ಅವನ ತಂದೆ ಒಂದು ಬಾಳೆಗೊನೆ ಹೊರಿಸಿಕೊಂಡು ಬಂದು, "ನಿಮ್ಮ ಮಾತು ನಿಜವಾಗಲಿ, ಸ್ವಾಮಿ" ಎಂದು ಕೈಮುಗಿದು ಹೋದರು. ಎರಡನೆಯ ವರ್ಷ ಅವನ ಅಂಕಗಳು ಇಳಿದುವು. ಅವನು ನನ್ನೆದುರು ಬರುವುದನ್ನು ಕಡಿಮೆಮಾಡಿದನು. ಆಮೇಲೆ ಬರುವುದನ್ನೇ ಬಿಟ್ಟನು. ಅವನಿದ್ದ ವಿದ್ಯಾರ್ಥಿನಿಲಯದ ಮುಂದೆಯೇ ನಾನು ದಿನವೂ ಹಾದುಹೋಗುತ್ತಿದ್ದೆನು. ಒಂದು ದಿನವೂ ಒಳಗೆ ಹೋಗಿ ವಿಚಾರಿಸಲಿಲ್ಲ. ಅಷ್ಟು ಹೊತ್ತಿಗೆ ನನ್ನ ಕಣ್ಣು ಮೊದಲನೆಯ ವರ್ಷದ ಇನ್ನೊಬ್ಬ ಹುಡುಗನ ಮೇಲೆ ಬಿದ್ದಿದ್ದಿತು.

ಲೆಕ್ಕವನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಹೈಸ್ಕೂಲು ತಂಡಗಳಲ್ಲಿ ಆಡುವ ಹುಡುಗರ ಸಂಖ್ಯೆ ಐದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎನ್.ಸಿ.ಎ.ಎ. ಎಂಬ ಮಂಡಲಿಗೆ ಸೇರಿದ ಕಾಲೇಜುಗಳಲ್ಲಿ ಆಡುವವರು ನೂರಕ್ಕೆ ಮೂರು ನಾಲ್ಕು ಮಂದಿ; ಮೊದಲ ದರ್ಜೆಯ ಕಾಲೇಜುಗಳನ್ನು ತಲಪುವವರು ನೂರಕ್ಕೆ ಒಬ್ಬ. ನಮ್ಮ ದೇಶದ ಸತ್ನಾಮ್ ಸಿಂಗ್ ಎಂಬ ಪಂಜಾಬಿನ ಹಳ್ಳಿಯ ಹುಡುಗನೂ 2010ರಲ್ಲಿ ಫ್ಲಾರಿಡಾದ ಶಾಲೆಯೊಂದಕ್ಕೆ ಹೋಗಿ, 2015ರಲ್ಲಿ 52ನೆಯವನಾಗಿ ಎನ್.ಬಿ.ಎ. ತಂಡಕ್ಕೆ ಆಯ್ಕೆಯಾದನು. ಭಾರತದಲ್ಲಿ ಹುಟ್ಟಿದವರಲ್ಲಿ ಆ ಮನ್ನಣೆ ಪಡೆದ ಮೊದಲಿಗನವನು. ಲೀಗಿನ ಪಂದ್ಯವೊಂದರಲ್ಲಿ ಕಣಕ್ಕಿಳಿಯುವ ಭಾಗ್ಯ ಮಾತ್ರ ದೊರೆಯಲಿಲ್ಲ.

ರಾಬರ್ಟ್‌ಸನ್ನನ ಹಣದ ಮಾತಿಗೆ ಮತ್ತೆ ಬರುತ್ತೇನೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಗಳ ಬಳಕೆಗೆ ಹಣ ಪಡೆಯಬಹುದೆಂದಾಯಿತು. 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳು ತಾವೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು ಎರಡು ಕೋಟಿ ಡಾಲರಿನ ಮಿತಿ. 1956ರಲ್ಲಿ ಒಬ್ಬ ಹುಡುಗನನ್ನು ಚುಚ್ಚಲು ಬಳಸಿದ ಮಾತು ಎಪ್ಪತ್ತು ವರ್ಷಗಳೊಳಗೆ ಕರಾರಿನ ಮೊದಲ ಸಾಲಾಯಿತು. ಇದು ನ್ಯಾಯವೆಂದೇ ನನ್ನ ಅಭಿಪ್ರಾಯ. ಕ್ರೀಡಾಂಗಣ ತುಂಬಿಸುವವನಿಗೆ ಅದರಲ್ಲಿ ಪಾಲಿರಬೇಕು. ಆದರೆ ಇನ್ನೊಂದು ಬದಲಾವಣೆ ಶಾಲೆಯ ಹುಡುಗರನ್ನು ಬಾಧಿಸುತ್ತಿದೆ. ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ, ವರ್ಷವೊಂದನ್ನು ಕಳೆದುಕೊಳ್ಳದೆ, ಹೋಗುವ ಸ್ವಾತಂತ್ರ್ಯ 2021ರಿಂದ ಈಚೆಗೆ ಹಿಗ್ಗಿರುವುದರಿಂದ, ಹದಿನೆಂಟರ ಎಳೆಯನನ್ನು ತಂದು ತಿದ್ದುವುದಕ್ಕಿಂತ ಇಪ್ಪತ್ತೆರಡರ ಪಳಗಿದವನನ್ನು ಕರೆತರುವುದೇ ಲೇಸೆಂದು ಎಷ್ಟೋ ತರಬೇತುದಾರರಿಗೆ ತೋರುತ್ತಿದೆ. ನಿಧಾನವಾಗಿ ಅರಳುವ ಹುಡುಗನಿಗೆ ಕಾಯುವವರು ಕಡಿಮೆಯಾಗುತ್ತಿದ್ದಾರೆ.

ಆ ಶುಕ್ರವಾರದ ಆಟಕ್ಕೆ ಬರೋಣ. ಹನ್ನೆರಡನೆಯವನಿಗೆ ಅಂದು ಕೈಹತ್ತಲಿಲ್ಲ. ಎಸೆದ ಚೆಂಡೆಲ್ಲ ಬಳೆಗೆ ತಾಗಿ ಹೊರಕ್ಕೆ ಸಿಡಿಯುತ್ತಿದ್ದಿತು. ಮೂರನೆಯ ಭಾಗ ಮುಗಿಯುವ ಹೊತ್ತಿಗೆ ನನ್ನ ಪಕ್ಕದ ಹಿರಿಯರು ನೋಟು ಪುಸ್ತಕದಲ್ಲಿ ಏನನ್ನೋ ಗೀಚಿ, ಹಾಳೆ ಮಗುಚಿ, ನೆರೆಯ ಊರಿನಲ್ಲಿ ಒಂಬತ್ತನೆಯ ತರಗತಿಯ ಒಬ್ಬನಿದ್ದಾನೆ, ಮುಂದಿನ ವಾರ ಅವನನ್ನು ನೋಡಬೇಕು ಎಂದರು. ಆಟ ಮುಗಿಯುವ ಮುನ್ನವೇ ಎದ್ದು, ನನ್ನ ಕೈಕುಲುಕಿ, ಹಿಮದ ದಾರಿಯೆಂದು ಹೇಳಿ ಹೊರಟರು.

ಜನ ಕರಗುವವರೆಗೆ ನಾವು ಬಾಗಿಲ ಬಳಿ ನಿಂತಿದ್ದೆವು. ಹನ್ನೆರಡನೆಯವನು ಸ್ನಾನಮಾಡಿ ಒದ್ದೆ ತಲೆಯಲ್ಲಿ ಬಂದು ಪಡಸಾಲೆಯ ಬೆಂಚಿನ ಮೇಲೆ ಕುಳಿತನು. ಮನೆಯವರು ಕಾರು ತರುವುದನ್ನು ಕಾಯುತ್ತಿದ್ದನೆಂದು ತೋರುತ್ತದೆ. ಅವನ ತಂಗಿಯಿರಬೇಕು, ಎಂಟು ಒಂಬತ್ತು ವರ್ಷದ ಹುಡುಗಿ, ಮೊಣಕಾಲಿನವರೆಗೆ ಬರುವ ಅವನ ಅಂಗಿಯನ್ನು ತೊಟ್ಟು ಪಕ್ಕದಲ್ಲಿದ್ದಳು. ಅವಳು ಅರಳಿನ ಖಾಲಿ ಪೊಟ್ಟಣವನ್ನು ಉಂಡೆಕಟ್ಟಿ ಎದುರಿಗಿದ್ದ ಕಸದ ಡಬ್ಬಿಗೆ ಎಸೆದಳು, ಸರಿಯಾಗಿ ಬಿದ್ದಿತು. ಅವನೂ ಒಂದು ಕಾಗದವನ್ನು ಉಂಡೆಮಾಡಿ ಎಸೆದನು. ತಪ್ಪಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು.