ನ್ಯೂಸ್ಟ್ರಿಯಾದ ಬೆಳ್ಳಿಲೆಕ್ಕ

ನಾಲ್ಕು ತಿಂಗಳ ಕೂಸಿಗೆ ಕಿರೀಟ! 584ರಲ್ಲಿ ರಾಜ ಕಿಲ್ಪೆರಿಕ್ ಕೊಲೆಯಾದಾಗ ಮಗ ಎರಡನೆಯ ಕ್ಲೋಟೇರನ ವಯಸ್ಸು ಅಷ್ಟೇ. ಅವನು ರಾಜನಾದದ್ದು ನ್ಯೂಸ್ಟ್ರಿಯಾಕ್ಕೆ, ಅಂದರೆ ಪ್ಯಾರಿಸ್ ಸುತ್ತಿನ, ಲುವಾರ್ ನದಿಯ ಉತ್ತರಕ್ಕೆ ಹರಡಿದ ಫ್ರಾಂಕರ ಪಶ್ಚಿಮ ಸೀಮೆಗೆ. 29ರ ಹರೆಯದಲ್ಲಿ, 613ರಲ್ಲಿ, ಇಡೀ ಫ್ರಾಂಕ್ ರಾಜ್ಯವೇ ಅವನದಾಯಿತು. 629ರಲ್ಲಿ ಸತ್ತಾಗ ಆಳ್ವಿಕೆಗೆ 45 ವರ್ಷ. ಬದುಕಿನಲ್ಲಿ ಅವನು ರಾಜನಾಗಿರದಿದ್ದದ್ದು ನಾಲ್ಕೇ ತಿಂಗಳು!

ಒಬ್ಬ ರಾಜನ ಮಾತಾಯಿತು; ಒಂದು ಮಠದ ಒಕ್ಕಲು ಎಷ್ಟಿದ್ದೀತು? 820ರ ದಶಕದ ಸುಮಾರಿಗೆ ಪ್ಯಾರಿಸ್ಸಿನ ಸಾಂ-ಜೆರ್ಮೇನ್-ದೆ-ಪ್ರೇ ಮಠಾಧಿಪತಿ ಇರ್ಮಿನಾನ್ ಪಟ್ಟಿ ಬರೆಸಿದ. ಅದರಲ್ಲಿರುವ ಹೆಸರುಗಳು 10,000ಕ್ಕೂ ಹೆಚ್ಚು! ಎಲ್ಲರೂ ಉಳುವವರು, ಅವರ ಹೆಂಡಿರು, ಮಕ್ಕಳು. ಸೆಕೆಂಡಿಗೊಂದು ಹೆಸರಿನಂತೆ ಓದಿದರೂ ಮುಗಿಸಲು ಎರಡೂಮುಕ್ಕಾಲು ಗಂಟೆ ಬೇಕು.

ಅದೇ ಮಠದ ಸನ್ಯಾಸಿ ಅಬ್ಬೊ 885ರಲ್ಲಿ ವೈಕಿಂಗರ ಮುತ್ತಿಗೆಯನ್ನು ಕಣ್ಣಾರೆ ಕಂಡ. ಸೇನ್ ನದಿಯಲ್ಲಿ 700 ಹಡಗು, 40,000 ದಾಳಿಕೋರರು. ಪ್ಯಾರಿಸ್ ಕಾಯಲು ಬರೀ 200 ಜನ ಎನ್ನುತ್ತಾನೆ ಅವನು. ಒಬ್ಬೊಬ್ಬನ ಪಾಲಿಗೆ 200 ಶತ್ರುಗಳು! ಇತಿಹಾಸಕಾರರು ಈ ಲೆಕ್ಕವನ್ನು ಬಹಳ ತಗ್ಗಿಸುತ್ತಾರೆ. ಹತ್ತನೇ ಒಂದಕ್ಕೆ ಇಳಿಸಿದರೂ ಒಬ್ಬನೆದುರು 20 ಜನ. ಹಾಗಿದ್ದೂ ಪಟ್ಟಣ ಹತ್ತಿರ ಹತ್ತಿರ ಒಂದು ವರ್ಷ ಬಗ್ಗಲಿಲ್ಲ. ಕೊನೆಗೆ 886ರಲ್ಲಿ ಚಕ್ರವರ್ತಿ ದಪ್ಪ ಚಾರ್ಲ್ಸ್ 700 ಪೌಂಡ್ ಬೆಳ್ಳಿ ಕೊಡಲು ಒಪ್ಪಿದ. ಪೌಂಡಿಗೆ 240 ನಾಣ್ಯದಂತೆ 1,68,000 ನಾಣ್ಯ!

ಇದೇ ದೊಡ್ಡದೆನಿಸಿದರೆ 845ನ್ನು ನೋಡಿ. ಆಗ ವೈಕಿಂಗರು ಪ್ಯಾರಿಸ್ ಬಿಟ್ಟು ಹೋಗಲು ಅಂದಿನ ರಾಜ ಬೋಳು ಚಾರ್ಲ್ಸ್ ತೆತ್ತದ್ದು ಇದರ ಹತ್ತು ಪಟ್ಟು: 7,000 ಪೌಂಡ್, 16,80,000 ನಾಣ್ಯ! ಎರಡು ಸೆಂಟಿಮೀಟರ್ ಅಗಲದ ಆ ನಾಣ್ಯಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ 33 ಕಿಲೋಮೀಟರ್ ಉದ್ದದ ಸಾಲು. ತೂಗಿದರೆ ಬೆಳೆದ ಹೆಣ್ಣಾನೆಯ ಸರಿಸಮ.

866ರಲ್ಲಿ ಮತ್ತೆ 4,000 ಪೌಂಡ್. ಮೂರು ಕಂತೂ ಕೂಡಿಸಿದರೆ 28,08,000 ನಾಣ್ಯ! ಮಠದ ಹೆಸರುಗಳನ್ನು ಓದಿದ ವೇಗದಲ್ಲೇ, ಸೆಕೆಂಡಿಗೊಂದರಂತೆ, ಊಟ ನಿದ್ದೆ ಬಿಟ್ಟು ಎಣಿಸಿದರೂ 32 ದಿನ ದಾಟುತ್ತದೆ. 866ರ ವಸೂಲಿಯಲ್ಲಿ ಒಂದು ಸ್ವತಂತ್ರ ಹಿಡುವಳಿಯ ಮೇಲೆ ಹಾಕಿದ ದರ 6 ನಾಣ್ಯ. ಆ ದರದಲ್ಲೇ ಇಡೀ ರಾಶಿ ಕೂಡಬೇಕೆಂದರೆ ವಸೂಲಿಗಾರ ತಟ್ಟಬೇಕಾದ ಬಾಗಿಲುಗಳು 4,68,000!