ನಿಮಗಿದು ಗೊತ್ತೆ? ‘ಉದಯರವಿ’ಯನ್ನು ಹೊರಗಿನಿಂದಷ್ಟೇ ನೋಡಬೇಕು

ಹುಣಸೂರು, ಪಿರಿಯಾಪಟ್ಟಣದ ಬಸ್ಸುಗಳು ಮೈಸೂರು ಹೊಕ್ಕುವ ಹುಣಸೂರು ರಸ್ತೆಗೆ ಹತ್ತಿರದಲ್ಲೇ, ಒಂಟಿಕೊಪ್ಪಲು–ಜಯಲಕ್ಷ್ಮೀಪುರಂ ಭಾಗದಲ್ಲಿದೆ ಕುವೆಂಪು ಅವರ ಮನೆ ‘ಉದಯರವಿ’. ಕನ್ನಡಕ್ಕೆ ಮೊದಲ ಜ್ಞಾನಪೀಠ (1967) ತಂದ ಕವಿಯ ಮನೆಯಿದು. ಅವರ ಮಗ ತೇಜಸ್ವಿಯವರ ‘ಅಣ್ಣನ ನೆನಪು’ ಓದಿದವರಿಗಂತೂ ಇದು ನೋಡದೆಯೂ ಪರಿಚಿತ.

ಆದರೆ ಇದು ಮ್ಯೂಸಿಯಂ ಅಲ್ಲ, ಕುಟುಂಬದ ಖಾಸಗಿ ಮನೆ. ಒಳಗೆ ಅಡ್ಡಾಡುವ ಆಸೆಯಿದ್ದರೆ ಕುವೆಂಪು ಬೆಳೆದ ಮನೆ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಗೆ ಹೋಗಬೇಕು. ಅಷ್ಟು ದೂರ ಆಗದು ಎನ್ನುವವರಿಗೆ ಮೈಸೂರಿನದೇ ಯಾದವಗಿರಿಯಲ್ಲಿ ಇಂಗ್ಲಿಷ್ ಲೇಖಕ ಆರ್.ಕೆ. ನಾರಾಯಣ್ ಮನೆಯಿದೆ. 2011ರಲ್ಲಿ ಕೆಡವಲು ಹೊರಟಿದ್ದ ಅದನ್ನು ಪಾಲಿಕೆ ಉಳಿಸಿ, 2016ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ‘ಉದಯರವಿ’ಯ ಗೇಟು ಮಾತ್ರ ತಟ್ಟಬೇಡಿ.